ಮನುಷ್ಯ ಹುಟ್ಟುತ್ತಲೇ ಒಳ್ಳೆಯವನಾ? ಕನ್‌ಫ್ಯೂಷಿಯಸ್, ಮೆನ್ಶಿಯಸ್, ಶುನ್‌ಜಿ ಓದಲು ಒಂದು ದಾರಿ

"ಮನುಷ್ಯ ಸ್ವಭಾವದಿಂದ ಒಳ್ಳೆಯವನು ಅಂತ ಮೆನ್ಶಿಯಸ್ ಹೇಳಿದ, ಕೆಟ್ಟವನು ಅಂತ ಶುನ್‌ಜಿ ಹೇಳಿದ. ಇಬ್ಬರೂ ಕನ್‌ಫ್ಯೂಷಿಯಸ್‌ನ ದಾರಿಯವರೇ. ಹಾಗಾದ್ರೆ ಯಾರದ್ದು ಸರಿ?"

ಪ್ರಾಚೀನ ಚೀನಾದ ಈ ಮೂವರು ಚಿಂತಕರ ಬಗ್ಗೆ ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಕೇಳುವವರಲ್ಲಿ ಹೆಚ್ಚಿನವರು ಪರೀಕ್ಷೆಗೆ ಓದುತ್ತಿರುವವರು ಅಥವಾ ಎಲ್ಲೋ ಒಂದು ಸಾಲು ನೋಡಿ ಕುತೂಹಲ ಹುಟ್ಟಿದವರು. ಒಂದೇ ಮಾತಿನ ಉತ್ತರ ಕೊಟ್ಟರೆ ಮೋಸ ಮಾಡಿದ ಹಾಗಾಗುತ್ತದೆ. ಆದ್ದರಿಂದ ಮೂಲವನ್ನು ನೀವೇ ಓದಿ ನೋಡುವ ದಾರಿಯನ್ನು ಹಂತ ಹಂತವಾಗಿ ಬರೆಯುತ್ತಿದ್ದೇನೆ. ಪೂರ್ತಿ ಪುಸ್ತಕ ಓದಬೇಕಾಗಿಲ್ಲ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಮೂರು ನಾಲ್ಕು ವಾರದಲ್ಲಿ ಮುಗಿಯುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. "ಒಳ್ಳೆಯವನಾ ಕೆಟ್ಟವನಾ" ಅನ್ನುವುದು ಇವರ ಮುಖ್ಯ ಪ್ರಶ್ನೆ ಅಲ್ಲವೇ ಅಲ್ಲ. ನಾಳೆ ಬೆಳಿಗ್ಗೆ ಎದ್ದು ನಾನು ನನ್ನ ಮೇಲೆ ಯಾವ ಥರದ ಕೆಲಸ ಮಾಡಬೇಕು ಅನ್ನುವುದು ಮುಖ್ಯ ಪ್ರಶ್ನೆ. ಸ್ವಭಾವದ ಮಾತೆಲ್ಲ ಅದಕ್ಕೆ ಪೀಠಿಕೆ. ಇದನ್ನು ತಲೆಯಲ್ಲಿಟ್ಟುಕೊಂಡು ಓದಿದರೆ ಗೋಜಲು ಅರ್ಧಕ್ಕರ್ಧ ಬಿಡಿಸಿಕೊಳ್ಳುತ್ತದೆ.

ಏನೇನು ಬೇಕು

ಒಂದು ನೋಟ್‌ಬುಕ್, ಒಂದು ಪೆನ್, ಅನುವಾದಗಳು. ಜೇಮ್ಸ್ ಲೆಗ್ 19ನೇ ಶತಮಾನದಲ್ಲಿ ಮಾಡಿದ ಇಂಗ್ಲಿಷ್ ಅನುವಾದ ಹಳೆಯದು, ಭಾಷೆ ಸ್ವಲ್ಪ ಬಿಗಿ, ಆದರೆ ಇಂಟರ್ನೆಟ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಕನ್‌ಫ್ಯೂಷಿಯಸ್ ಮತ್ತು ಮೆನ್ಶಿಯಸ್‌ಗೆ ಅಷ್ಟು ಸಾಕು. ಶುನ್‌ಜಿಗೆ ಮಾತ್ರ ಹೊಸ ಅನುವಾದ ಹುಡುಕಿಕೊಳ್ಳಿ.

ಅಂಕಿಗಳ ಬಗ್ಗೆ ಒಂದು ಮಾತು. ಕನ್‌ಫ್ಯೂಷಿಯಸ್‌ನ ಮಾತುಗಳ ಸಂಗ್ರಹಕ್ಕೆ 'ಲುನ್‌ಯು' ಅಂತ ಹೆಸರು. ಅದರಲ್ಲಿ 20 ಅಧ್ಯಾಯಗಳಿವೆ. 17.2 ಅಂದರೆ 17ನೇ ಅಧ್ಯಾಯದ 2ನೇ ತುಣುಕು. ಮೆನ್ಶಿಯಸ್‌ನ ಪುಸ್ತಕದಲ್ಲಿ 7 ಅಧ್ಯಾಯ, ಪ್ರತಿಯೊಂದಕ್ಕೂ ಎರಡು ಭಾಗ. ಹಾಗಾಗಿ 6ಎ8 ಅಂದರೆ 6ನೇ ಅಧ್ಯಾಯ, ಮೊದಲ ಭಾಗ, 8ನೇ ತುಣುಕು. ಅನುವಾದದಿಂದ ಅನುವಾದಕ್ಕೆ ಅಂಕಿ ಒಂದೆರಡು ಆಚೀಚೆ ಆಗುತ್ತದೆ. ಹೇಳಿದ ಜಾಗದಲ್ಲಿ ಸಿಗದಿದ್ದರೆ ಹಿಂದೆ ಮುಂದೆ ಸ್ವಲ್ಪ ನೋಡಿ, ಗಾಬರಿ ಬೇಡ.

ಹಂತ 1: ಮೂವರು ಯಾವ ಕಾಲದವರು ಅಂತ ತಿಳಿದುಕೊಳ್ಳಿ

ನೋಟ್‌ಬುಕ್‌ನಲ್ಲಿ ಉದ್ದಕ್ಕೆ ಒಂದು ಗೆರೆ ಎಳೆಯಿರಿ. ಕನ್‌ಫ್ಯೂಷಿಯಸ್ ಕ್ರಿ.ಪೂ. 551ರಿಂದ 479. ಊರು ಲು ರಾಜ್ಯದ ಚೂಫು, ಈಗಿನ ಶಾನ್‌ಡಾಂಗ್ ಪ್ರಾಂತ್ಯ. ಮೆನ್ಶಿಯಸ್ ಸುಮಾರು ಕ್ರಿ.ಪೂ. 372ರಿಂದ 289, ಲು ಪಕ್ಕದ ಪುಟ್ಟ ರಾಜ್ಯ ಝೋ. ಶುನ್‌ಜಿ ಸುಮಾರು ಕ್ರಿ.ಪೂ. 310ರಿಂದ 235, ಝಾವೊ ರಾಜ್ಯದವನು.

ಅಂದರೆ ಇವರು ಗುರು, ಶಿಷ್ಯ, ಮೊಮ್ಮಗ ಶಿಷ್ಯ ಅಂತ ಒಂದೇ ಮನೆಯಲ್ಲಿ ಕೂತು ವಾದ ಮಾಡಿದವರಲ್ಲ. ಕನ್‌ಫ್ಯೂಷಿಯಸ್ ಸತ್ತು ಸುಮಾರು ನೂರು ವರ್ಷ ಆದ ಮೇಲೆ ಮೆನ್ಶಿಯಸ್ ಹುಟ್ಟಿದ, ಶುನ್‌ಜಿ ಹುಟ್ಟುವಾಗ ಮೆನ್ಶಿಯಸ್‌ಗೆ ಆಗಲೇ ವಯಸ್ಸಾಗಿತ್ತು. ಈ ಕಾಲದುದ್ದಕ್ಕೂ ಯುದ್ಧಗಳು ದೊಡ್ಡದಾಗುತ್ತಾ ಹೋದವು. ಕ್ರಿ.ಪೂ. 260ರಲ್ಲಿ ಚಾಂಗ್‌ಪಿಂಗ್‌ನಲ್ಲಿ ಶುನ್‌ಜಿಯ ನಾಡು ಝಾವೊ ಚಿನ್ ರಾಜ್ಯಕ್ಕೆ ಸೋತು ಲೆಕ್ಕವಿಲ್ಲದಷ್ಟು ಸೈನಿಕರನ್ನು ಕಳೆದುಕೊಂಡಿತು. ಆದರೆ "ಯುದ್ಧ ನೋಡಿದ, ಅದಕ್ಕೇ ಮನುಷ್ಯ ಕೆಟ್ಟವನು ಅಂದ" ಅಂತ ಸುಲಭದ ತೀರ್ಪು ಕೊಡಬೇಡಿ. ಯುದ್ಧವನ್ನು ಮೆನ್ಶಿಯಸ್ ಕೂಡ ಬೇಕಾದಷ್ಟು ನೋಡಿದ್ದ.

ಎಚ್ಚರಿಕೆ: ಶುನ್‌ಜಿ ಬೇರೆ, ಯುದ್ಧಕಲೆಯ ಪುಸ್ತಕದ ಸುನ್‌ಜಿ ಬೇರೆ. ಹಳೆಯ ಇಂಗ್ಲಿಷ್ ಕಾಗುಣಿತದಲ್ಲಿ ಎರಡೂ ಹೆಸರು ಒಂದೇ ಥರ ಕಾಣುತ್ತವೆ. ಹುಡುಕುವಾಗ ತುಂಬಾ ಜನ ಇಲ್ಲೇ ದಾರಿ ತಪ್ಪುತ್ತಾರೆ.

ಹಂತ 2: ಐದು ಪದಗಳನ್ನು ಚೀನೀ ಹೆಸರಲ್ಲೇ ಇಟ್ಟುಕೊಳ್ಳಿ

*ಶಿಂಗ್*: ನಾವು 'ಸ್ವಭಾವ' ಅಂತ ಅನುವಾದಿಸುವ ಪದ. ಚೀನೀ ಲಿಪಿಯಲ್ಲಿ ಇದನ್ನು ಬರೆಯುವುದು 'ಮನಸ್ಸು' ಮತ್ತು 'ಹುಟ್ಟು' ಅನ್ನುವ ಎರಡು ಗುರುತು ಸೇರಿಸಿ.

*ರೆನ್*: ಬೇರೆಯವರ ಬಗ್ಗೆ ಇರುವ ಕಾಳಜಿ, ಮನುಷ್ಯತ್ವ. ಕನ್‌ಫ್ಯೂಷಿಯಸ್‌ಗೆ ಇದು ಎಲ್ಲಕ್ಕಿಂತ ದೊಡ್ಡದು.

*ಲಿ*: ರೀತಿ, ನಡಾವಳಿ. ಸಾವಿನ ಮನೆಯ ವಿಧಿಯಿಂದ ಹಿಡಿದು ಹಿರಿಯರ ಎದುರು ಹೇಗೆ ನಿಲ್ಲಬೇಕು ಅನ್ನುವವರೆಗೆ ಎಲ್ಲ ಇದರಲ್ಲಿ ಬರುತ್ತದೆ. ಮನೆಗೆ ಬಂದವರಿಗೆ ಮೊದಲು ನೀರು ಕೊಡುತ್ತೇವಲ್ಲ, ಅದೂ ಒಂದು ಲಿ ಅಂದುಕೊಳ್ಳಬಹುದು.

*ಯಿ*: ಆ ಹೊತ್ತಿಗೆ ಮಾಡಬೇಕಾದ ಸರಿ.

*ವೇ*: ಇದು ಶುನ್‌ಜಿಯ ಪದ. 'ಮನುಷ್ಯ' ಮತ್ತು 'ಮಾಡು' ಎರಡೂ ಸೇರಿ ಆದದ್ದು. ಈಗಿನ ಚೀನೀ ಭಾಷೆಯಲ್ಲಿ ಇದಕ್ಕೆ 'ನಕಲಿ' ಅನ್ನುವ ಅರ್ಥ ಬಂದಿದೆ. ಶುನ್‌ಜಿಯಲ್ಲಿ ಹಾಗಲ್ಲ. ಹುಟ್ಟಿಬಂದದ್ದು ಶಿಂಗ್, ದುಡಿದು ಮಾಡಿಕೊಂಡದ್ದು ವೇ. ಕನ್ನಡದಲ್ಲಿ ಈ ವ್ಯತ್ಯಾಸ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ: ಹುಟ್ಟಿಬಂದದ್ದು, ಮಾಡಿಕೊಂಡದ್ದು. ನಾನು ಮುಂದೆಲ್ಲ ಇದೇ ಮಾತು ಬಳಸುತ್ತೇನೆ.

ಎಚ್ಚರಿಕೆ: ಲಿ ಬಂದಲ್ಲೆಲ್ಲ 'ಧರ್ಮ' ಅಂತ, ಶಿಂಗ್ ಬಂದಲ್ಲೆಲ್ಲ 'ಆತ್ಮ' ಅಂತ ಓದಬೇಡಿ. ನಮ್ಮ ಪದ ಹಾಕಿದ ಕೂಡಲೇ ನಮ್ಮ ಅರ್ಥವೂ ಜೊತೆಗೆ ಒಳಗೆ ಬಂದುಬಿಡುತ್ತದೆ. ಸಾಯದ ಆತ್ಮ, ಮರುಜನ್ಮ, ಕರ್ಮ ಇವು ಯಾವುದೂ ಈ ಮೂವರ ವಾದದಲ್ಲಿ ಇಲ್ಲ.

ಹಂತ 3: ಕನ್‌ಫ್ಯೂಷಿಯಸ್ ಏನು ಹೇಳಲಿಲ್ಲ ಅಂತ ನೋಡಿ

ಮೊದಲು 17.2 ಓದಿ. ಸ್ವಭಾವದಲ್ಲಿ ಜನ ಹತ್ತಿರ ಹತ್ತಿರ, ರೂಢಿಯಿಂದ ದೂರ ದೂರ ಆಗುತ್ತಾರೆ. ಅಷ್ಟೇ. ಒಳ್ಳೆಯದು ಅಂತಲೂ ಇಲ್ಲ, ಕೆಟ್ಟದ್ದು ಅಂತಲೂ ಇಲ್ಲ. ಆಮೇಲೆ 5.13 ಓದಿ. ಶಿಂಗ್ ಬಗ್ಗೆ ಗುರು ಮಾತಾಡುವುದನ್ನು ಕೇಳಲು ಸಿಗುವುದಿಲ್ಲ ಅಂತ ಶಿಷ್ಯ ಝಿಗಾಂಗ್ ಹೇಳುತ್ತಾನೆ. ಅಂದರೆ ಮುಂದಿನವರು ಜಗಳವಾಡಿದ ಪ್ರಶ್ನೆಯನ್ನು ಕನ್‌ಫ್ಯೂಷಿಯಸ್ ತೆರೆದೇ ಬಿಟ್ಟಿದ್ದ.

ಆದರೆ ಕೆಲಸದ ಬಗ್ಗೆ ಅವನು ತುಂಬಾ ಹೇಳಿದ್ದಾನೆ. 1.15ರಲ್ಲಿ ಕಡಿಯುವುದು, ಉಜ್ಜುವುದು, ಕೆತ್ತುವುದು, ಹೊಳಪು ಕೊಡುವುದು ಅನ್ನುವ ಹಳೆಯ ಹಾಡಿನ ಸಾಲು ಬರುತ್ತದೆ. ಮೂಳೆ, ದಂತ, ಜೇಡ್ ಕಲ್ಲು ಕೆಲಸದವರ ಮಾತದು. 12.1ರಲ್ಲಿ ಪ್ರೀತಿಯ ಶಿಷ್ಯ ಯಾನ್ ಹುಯಿ ರೆನ್ ಅಂದರೇನು ಅಂತ ಕೇಳುತ್ತಾನೆ. ನಿನ್ನನ್ನು ಹಿಡಿತಕ್ಕೆ ತಂದುಕೊಂಡು ಲಿಗೆ ಮರಳು, ಲಿ ಇಲ್ಲದ್ದನ್ನು ನೋಡಬೇಡ, ಕೇಳಬೇಡ, ಆಡಬೇಡ, ಮಾಡಬೇಡ ಅನ್ನುವುದು ಉತ್ತರ.

ಇಲ್ಲಿ ತುಂಬಾ ಜನ ಮುಖ ಸಿಂಡರಿಸಿ ಪುಸ್ತಕ ಮುಚ್ಚುತ್ತಾರೆ. "ಓ, ಸುಮ್ನೆ ಕಟ್ಟುಪಾಡು" ಅಂತ. ದಯವಿಟ್ಟು ಅಲ್ಲಿ ನಿಲ್ಲಬೇಡಿ, 9.3 ಓದಿ. ವಿಧಿಯ ಪ್ರಕಾರ ಟೋಪಿ ನಾರಿನದ್ದಾಗಿರಬೇಕು, ಈಗ ಜನ ರೇಷ್ಮೆಯದ್ದು ಹಾಕುತ್ತಾರೆ, ಖರ್ಚು ಕಡಿಮೆ, ನಾನೂ ಹಾಗೇ ಮಾಡುತ್ತೇನೆ ಅನ್ನುತ್ತಾನೆ. ಆದರೆ ಸಭಾಂಗಣ ಹತ್ತುವ ಮೊದಲು ಕೆಳಗೇ ನಮಸ್ಕರಿಸಬೇಕು, ಈಗ ಜನ ಮೇಲೆ ಹತ್ತಿ ನಮಸ್ಕರಿಸುತ್ತಾರೆ, ಅದು ಸೊಕ್ಕು, ಎಲ್ಲರೂ ಹಾಗೆ ಮಾಡಿದರೂ ನಾನು ಕೆಳಗೇ ನಮಸ್ಕರಿಸುತ್ತೇನೆ. ಎರಡೂ ಕಡೆ ವಿಧಿ ಬದಲಾಗಿದೆ. ಒಂದನ್ನು ಒಪ್ಪಿದ, ಒಂದನ್ನು ಬಿಟ್ಟ. ಯಾಕೆ ಅಂತ ನಿಮ್ಮ ಮಾತಲ್ಲಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಇದು ಬರೆಯಲು ಬಂದರೆ ಲಿ ಅರ್ಥವಾಯಿತು ಅಂತ ಲೆಕ್ಕ.

ಇನ್ನೊಂದು, 6.12. ರಾನ್ ಚಿಯು ಅನ್ನುವ ಶಿಷ್ಯ ನಿಮ್ಮ ದಾರಿ ಇಷ್ಟ, ಆದರೆ ನನಗೆ ಶಕ್ತಿ ಸಾಲದು ಅನ್ನುತ್ತಾನೆ. ಶಕ್ತಿ ಸಾಲದವನು ಅರ್ಧ ದಾರಿಯಲ್ಲಿ ಬೀಳುತ್ತಾನೆ, ನೀನು ಹೊರಡುವ ಮೊದಲೇ ಗೆರೆ ಎಳೆದುಕೊಂಡಿದ್ದೀಯ ಅನ್ನುತ್ತಾನೆ ಗುರು. ಇದನ್ನು ಓದಿದಾಗಲೆಲ್ಲ ನನಗೆ ನನ್ನದೇ ನೆಪಗಳು ನೆನಪಾಗುತ್ತವೆ.

ಹಂತ 4: ಮೆನ್ಶಿಯಸ್‌ನ ಮೊಳಕೆಗಳು

ಇಲ್ಲಿ ಜಾಸ್ತಿ ಸಮಯ ಕೊಡಿ. ಒಂದು ವಾರವಾದರೂ ಬೇಕು. ಓದುವ ಕ್ರಮ: 2ಎ6, 6ಎ1 ಮತ್ತು 6ಎ2, 6ಎ7, 6ಎ8, 1ಎ7, ಕೊನೆಗೆ 2ಎ2.

2ಎ6ರಲ್ಲಿ ಪ್ರಸಿದ್ಧವಾದ ಬಾವಿಯ ಉದಾಹರಣೆ ಇದೆ. ಪುಟ್ಟ ಮಗುವೊಂದು ಬಾವಿಗೆ ಬೀಳುವುದರಲ್ಲಿದೆ. ನೋಡಿದ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಮಗುವಿನ ಅಪ್ಪ ಅಮ್ಮನ ಸ್ನೇಹ ಸಿಗಲಿ ಅಂತ ಅಲ್ಲ, ಊರಲ್ಲಿ ಹೆಸರು ಬರಲಿ ಅಂತಲೂ ಅಲ್ಲ. ಮೆನ್ಶಿಯಸ್ ಹೇಳುತ್ತಿರುವುದು ಎಷ್ಟು, ಎಷ್ಟಲ್ಲ ಅಂತ ಗಮನಿಸಿ. ಎಲ್ಲರೂ ಓಡಿ ಹೋಗಿ ಮಗುವನ್ನು ಹಿಡಿಯುತ್ತಾರೆ ಅಂತ ಅವನು ಹೇಳಲಿಲ್ಲ. ಎದೆ ಝಲ್ಲೆನ್ನುತ್ತದೆ, ಅಷ್ಟೇ. ಆ ಝಲ್ಲೆನ್ನುವುದಕ್ಕೆ ಅವನು ಕೊಟ್ಟ ಹೆಸರು 'ದುವಾನ್', ಅಂದರೆ ಮೊಳಕೆ, ತುದಿ. ಇಂಥ ನಾಲ್ಕು ಮೊಳಕೆಗಳಿವೆ: ಮರುಕ ಬೆಳೆದರೆ ರೆನ್, ನಾಚಿಕೆ ಬೆಳೆದರೆ ಯಿ, ಬಿಟ್ಟುಕೊಡುವ ಮನಸ್ಸು ಬೆಳೆದರೆ ಲಿ, ಸರಿ ತಪ್ಪು ಅನ್ನಿಸುವುದು ಬೆಳೆದರೆ ತಿಳಿವು.

ಮೊಳಕೆ ಮರ ಅಲ್ಲ. "ಮೆನ್ಶಿಯಸ್ ಪ್ರಕಾರ ಎಲ್ಲರೂ ಒಳ್ಳೆಯವರು" ಅಂತ ಬರೆದುಬಿಡುವುದು ನಾನು ನೋಡಿರುವ ಅತಿ ದೊಡ್ಡ ತಪ್ಪು. ಒಳ್ಳೆಯವರಾಗಿ ಬೆಳೆಯುವ ಕಡೆಗೆ ಎಲ್ಲರಲ್ಲೂ ಒಂದು ಒಲವಿದೆ ಅನ್ನುವುದೇ ಅವನ ಮಾತು.

ಹಾಗಾದರೆ ಇಷ್ಟೊಂದು ಜನ ಕೆಟ್ಟದಾಗಿ ಯಾಕೆ ನಡೆದುಕೊಳ್ಳುತ್ತಾರೆ? 6ಎ8ರ ಎತ್ತಿನ ಬೆಟ್ಟ ಇದಕ್ಕೆ ಉತ್ತರ. ಒಂದು ಕಾಲಕ್ಕೆ ಅಲ್ಲಿ ಚೆಂದದ ಮರಗಳಿದ್ದವು. ಪಕ್ಕದಲ್ಲೇ ದೊಡ್ಡ ರಾಜಧಾನಿ, ಕೊಡಲಿ ಬಿತ್ತು. ರಾತ್ರಿಯ ತಂಪಿಗೆ, ಮಳೆ ಇಬ್ಬನಿಗೆ ಮತ್ತೆ ಚಿಗುರು ಬಂದರೆ ದನ ಕುರಿ ಮೇಯ್ದವು. ಈಗ ಬೋಳು ಬೆಟ್ಟ ನೋಡಿದವರು ಇಲ್ಲಿ ಮರವೇ ಇರಲಿಲ್ಲ ಅಂದುಕೊಳ್ಳುತ್ತಾರೆ. 6ಎ7ರಲ್ಲಿ ಬಾರ್ಲಿ ಬೀಜದ ಮಾತು: ಬೀಜ ಒಂದೇ, ಮಣ್ಣು, ಮಳೆ, ದುಡಿಮೆ ಬೇರೆ ಬೇರೆ. ಬರಗಾಲದಲ್ಲಿ ಹುಡುಗರು ಒರಟರಾಗುತ್ತಾರೆ, ಅದು ಹುಟ್ಟಿಬಂದದ್ದರ ತಪ್ಪಲ್ಲ. ಇದನ್ನು 1ಎ7ರ ಜೊತೆ ಸೇರಿಸಿ ಓದಿ. ಜನರಿಗೆ ಸ್ಥಿರವಾದ ಜೀವನೋಪಾಯ ಇಲ್ಲದಿದ್ದರೆ ಸ್ಥಿರವಾದ ಮನಸ್ಸೂ ಇರುವುದಿಲ್ಲ, ಹಾಗೆ ತಪ್ಪು ಮಾಡುವ ಸ್ಥಿತಿಗೆ ತಳ್ಳಿ ಆಮೇಲೆ ಶಿಕ್ಷೆ ಕೊಡುವುದು ಬಲೆ ಒಡ್ಡಿದ ಹಾಗೆ ಅಂತ ರಾಜನ ಮುಖಕ್ಕೇ ಹೇಳುತ್ತಾನೆ. ಒಳ್ಳೆಯತನದ ಉಪದೇಶವನ್ನು ಹೊಟ್ಟೆ ಹಸಿದವರ ಮೇಲೆ ಹೇರುವವರು ಈ ಪುಟಗಳನ್ನು ಓದಲೇಬೇಕು.

1ಎ7ರಲ್ಲೇ ಅಭ್ಯಾಸದ ದಾರಿಯೂ ಇದೆ. ಚಿ ರಾಜ್ಯದ ದೊರೆ ಶುವಾನ್, ಬಲಿಗೆ ಹೋಗುತ್ತಿದ್ದ ಎತ್ತು ನಡುಗುವುದನ್ನು ನೋಡಲಾಗದೆ ಬಿಡಿಸಿದ, ಬದಲಿಗೆ ಕುರಿ ಕೊಡಿ ಅಂದ. ಜನ ಜಿಪುಣ ಅಂದರು. ಮೆನ್ಶಿಯಸ್ ಹಾಗನ್ನಲಿಲ್ಲ. ಎತ್ತನ್ನು ಕಣ್ಣಾರೆ ಕಂಡಿದ್ದೀಯ, ಕುರಿಯನ್ನು ಕಂಡಿಲ್ಲ, ಆ ಮನಸ್ಸನ್ನೇ ಹಿಡಿದು ನಿನ್ನ ಪ್ರಜೆಗಳವರೆಗೆ ಚಾಚು ಅಂದ. ಈ 'ಚಾಚುವುದು' ಮೆನ್ಶಿಯಸ್‌ನ ಸಾಧನೆಯ ತಿರುಳು. ಈಗಾಗಲೇ ಮಿಡಿಯುವ ಒಂದು ಜಾಗ ಹುಡುಕಿ, ಅದನ್ನು ಮಿಡಿಯದ ಜಾಗಕ್ಕೆ ಒಯ್ಯುವುದು.

ಎಚ್ಚರಿಕೆ: 2ಎ2ರಲ್ಲಿ ಸೋಂಗ್ ರಾಜ್ಯದ ರೈತನ ಕತೆ ಇದೆ. ಪೈರು ಬೇಗ ಬೆಳೆಯಲಿ ಅಂತ ಒಂದೊಂದನ್ನೂ ಹಿಡಿದು ಮೇಲಕ್ಕೆ ಎಳೆದ. ಮಗ ಓಡಿ ಹೋಗಿ ನೋಡಿದರೆ ಎಲ್ಲ ಒಣಗಿತ್ತು. ಕಳೆ ಕೀಳದೆ ಬಿಡುವುದೂ ತಪ್ಪು, ಎಳೆಯುವುದೂ ತಪ್ಪು. ಹೊಸದಾಗಿ ಓದುವವರು ಎರಡನೇ ತಪ್ಪನ್ನೇ ಮಾಡುತ್ತಾರೆ. ಒಂದೇ ವಾರದಲ್ಲಿ ಎಲ್ಲರ ಮೇಲೂ ಸಮನಾದ ಪ್ರೀತಿ ಬರಬೇಕು ಅಂತ ಮನಸ್ಸನ್ನು ಎಳೆದಾಡುತ್ತಾರೆ, ಬರದಿದ್ದಾಗ ಇದೆಲ್ಲ ಸುಳ್ಳು ಅಂತ ಬಿಡುತ್ತಾರೆ.

ಹಂತ 5: ಶುನ್‌ಜಿಯ ಮರ, ಕುಲುಮೆ, ಮಡಕೆ

ಶುನ್‌ಜಿಯ ಪುಸ್ತಕದಲ್ಲಿ 32 ಅಧ್ಯಾಯಗಳಿವೆ. 23ನೆಯದರ ಹೆಸರೇ "ಸ್ವಭಾವ ಕೆಟ್ಟದ್ದು". ಎಲ್ಲರೂ ನೇರ ಅಲ್ಲಿಗೇ ಹೋಗುತ್ತಾರೆ. ನೀವು ಹೋಗಬೇಡಿ. ಮೊದಲು 1ನೇ ಅಧ್ಯಾಯ, ಆಮೇಲೆ 19, ಆಮೇಲೆ 23.

1ನೇ ಅಧ್ಯಾಯ ಕಲಿಕೆಯ ಬಗ್ಗೆ. ನೀಲಿ ಬಣ್ಣ ಬರುವುದು ನೀಲಿ ಗಿಡದಿಂದ, ಆದರೆ ಗಿಡಕ್ಕಿಂತ ನೀಲಿ. ನೆಟ್ಟಗಿದ್ದ ಮರವನ್ನು ಹಬೆಯಲ್ಲಿ ಬಗ್ಗಿಸಿ ಗಾಲಿ ಮಾಡಿದರೆ ಆಮೇಲೆ ಬಿಸಿಲಿಗೆ ಒಣಗಿದರೂ ಅದು ಮತ್ತೆ ನೆಟ್ಟಗಾಗುವುದಿಲ್ಲ. ಸೆಣಬಿನ ನಡುವೆ ಬೆಳೆದ ಬಳುಕು ಗಿಡ ಯಾರೂ ಕೋಲು ಕೊಡದೆಯೂ ನೇರ ನಿಲ್ಲುತ್ತದೆ. ಅರ್ಧ ಅರ್ಧ ಹೆಜ್ಜೆ ಕೂಡಿಸದೆ ಸಾವಿರ ಲಿ ದೂರ ಹೋಗಲಾಗದು (ಇಲ್ಲಿ ಲಿ ಅಂದರೆ ದೂರದ ಅಳತೆ, ನಡಾವಳಿ ಅಲ್ಲ). ಮನುಷ್ಯ ಬದಲಾಗಬಲ್ಲ ಅನ್ನುವ ಭರವಸೆ ಈ ಅಧ್ಯಾಯದ ಪ್ರತಿ ಸಾಲಿನಲ್ಲೂ ಇದೆ. ಇದನ್ನು ಓದಿದ ಮೇಲೆ ಶುನ್‌ಜಿಯನ್ನು ನಿರಾಶಾವಾದಿ ಅನ್ನಲು ಬಾಯಿ ಬರುವುದಿಲ್ಲ.

19ರಲ್ಲಿ ಲಿ ಎಲ್ಲಿಂದ ಬಂತು ಅಂತ ಹೇಳುತ್ತಾನೆ. ಮನುಷ್ಯನಿಗೆ ಹುಟ್ಟಿನಿಂದ ಆಸೆ ಇದೆ. ಮಿತಿ ಇಲ್ಲದಿದ್ದರೆ ಕಿತ್ತಾಟ, ಕಿತ್ತಾಟದಿಂದ ಗೊಂದಲ, ಗೊಂದಲದಿಂದ ಎಲ್ಲರಿಗೂ ಬಡತನ. ಇದು ಬೇಡ ಅಂತ ಹಿಂದಿನ ದೊರೆಗಳು ಲಿ ಮಾಡಿದರು. ಆಸೆ ಅಳಿಸಲು ಅಲ್ಲ, ಆಸೆಗೆ ಉಣಿಸಲು. ಈ ಕೊನೆಯ ಮಾತಿನ ಕೆಳಗೆ ಗೆರೆ ಎಳೆಯಿರಿ. ಆಸೆ ಬಿಡು ಅನ್ನುವ ಸನ್ಯಾಸದ ಮಾತು ಶುನ್‌ಜಿಯಲ್ಲಿ ಇಲ್ಲ.

ಈಗ 23. "ಮನುಷ್ಯನ ಸ್ವಭಾವ ಕೆಟ್ಟದ್ದು, ಅವನಲ್ಲಿರುವ ಒಳ್ಳೆಯದು ವೇ." ಅಂದರೆ ಒಳ್ಳೆಯತನ ಮಾಡಿಕೊಂಡದ್ದು. ಕೆಟ್ಟದ್ದು ಅಂದರೇನು ಅಂತ ಇದೇ ಅಧ್ಯಾಯದಲ್ಲಿ ಅವನೇ ಬಿಡಿಸಿ ಹೇಳಿದ್ದಾನೆ: ವಾಲಿದ್ದು, ಅಪಾಯದ್ದು, ಅಡ್ಡಾದಿಡ್ಡಿ, ಗೊಂದಲ. ಒಳ್ಳೆಯದು ಅಂದರೆ ನೇರ, ಕ್ರಮ, ಶಾಂತಿ, ಹಿಡಿತ. ಇದು ರಾಕ್ಷಸತನದ ಮಾತಲ್ಲ. ಬಿಟ್ಟ ಹಾಗೇ ಬಿಟ್ಟರೆ ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವ ಮಾತು. ಸೊಟ್ಟ ಮರಕ್ಕೆ ಹಬೆ ಮತ್ತು ಅಚ್ಚು ಬೇಕು, ಮೊಂಡು ಕತ್ತಿಗೆ ಸಾಣೆ ಬೇಕು, ಮನುಷ್ಯನಿಗೆ ಗುರು ಮತ್ತು ಲಿ ಬೇಕು. ಅದೇ ಅಧ್ಯಾಯದ ಕೊನೆಯ ಕಡೆಗೆ, ಬೀದಿಯಲ್ಲಿ ಹೋಗುವ ಯಾರು ಬೇಕಾದರೂ ಯು ಆಗಬಹುದು ಅನ್ನುತ್ತಾನೆ. ಯು ಅಂದರೆ ಪ್ರವಾಹ ತಡೆದ ಪ್ರಾಚೀನ ಆದರ್ಶ ದೊರೆ.

ಜನ ಕೇಳುವ ಪ್ರಶ್ನೆ: ಎಲ್ಲರ ಸ್ವಭಾವವೂ ಕೆಟ್ಟದ್ದಾದರೆ ಮೊದಲ ಗುರುಗಳು ಲಿಯನ್ನು ಎಲ್ಲಿಂದ ತಂದರು? ಶುನ್‌ಜಿ ಇದಕ್ಕೆ ಉತ್ತರ ಕೊಟ್ಟಿದ್ದಾನೆ. ಕುಂಬಾರ ಮಣ್ಣಿನಿಂದ ಮಡಕೆ ಮಾಡುತ್ತಾನೆ, ಮಡಕೆ ಕುಂಬಾರನ ಸ್ವಭಾವದಿಂದ ಬರುವುದಿಲ್ಲ, ಅವನ ಕೈಕೆಲಸದಿಂದ ಬರುತ್ತದೆ. ಹಾಗೇ ಯೋಚನೆ, ಅಭ್ಯಾಸ ಕೂಡಿಸಿ ಕೂಡಿಸಿ ಲಿ ಮಾಡಿದರು. ಇದರ ಜೊತೆ 22ನೇ ಅಧ್ಯಾಯದ ಕೊನೆಯ ಭಾಗ ನೋಡಿ. ಆಸೆ ಎಷ್ಟೇ ಜೋರಾಗಿದ್ದರೂ ಮನಸ್ಸು ಬೇಡ ಅಂದರೆ ಕೈ ನಿಲ್ಲುತ್ತದೆ. ಈ 'ಒಪ್ಪುವ ಮನಸ್ಸು' ಶುನ್‌ಜಿಯ ಇಡೀ ಕಟ್ಟಡದ ಅಡಿಗಲ್ಲು.

ಹಂತ 6: ಎದುರುಬದುರು ಕೂರಿಸಿ

ನೋಟ್‌ಬುಕ್ ಪುಟದ ನಡುವೆ ಗೆರೆ ಎಳೆದು ಎರಡೂ ಕಡೆ ಬರೆಯಿರಿ: ಶಿಂಗ್ ಅಂದರೆ ಇವನಿಗೆ ಏನು?

ಮೆನ್ಶಿಯಸ್‌ಗೆ, ಮಣ್ಣು ನೀರು ಸರಿಯಾಗಿ ಸಿಕ್ಕರೆ ಒಂದು ಜೀವ ಏನಾಗಿ ಬೆಳೆಯುತ್ತದೋ ಅದು. ಶುನ್‌ಜಿಗೆ, ಕಲಿಯದೆ, ದುಡಿಯದೆ ಹುಟ್ಟಿನಿಂದಲೇ ಬಂದದ್ದು ಮಾತ್ರ. ಪದ ಒಂದೇ, ಅರ್ಥ ಎರಡು. ಹೀಗಾಗಿ ಅರ್ಧ ಜಗಳ ಅಲ್ಲೇ ಕರಗುತ್ತದೆ. ಆದರೆ ಪೂರ್ತಿ ಕರಗುವುದಿಲ್ಲ. "ಕೊನೆಗೆ ಇಬ್ಬರೂ ಒಂದೇ" ಅಂತ ಬರೆಯುವವರೂ ತಪ್ಪು. 6ಎ1ಕ್ಕೆ ಹಿಂದಿರುಗಿ. ಸ್ವಭಾವ ವಿಲೋ ಮರ, ಒಳ್ಳೆಯತನ ಅದರಿಂದ ಮಾಡಿದ ಬಟ್ಟಲು ಅಂತ ಮೆನ್ಶಿಯಸ್‌ನ ಜೊತೆ ವಾದ ಮಾಡುವ ಗಾವೊಜಿ ಅನ್ನುವ ಚಿಂತಕ ಹೇಳಿದಾಗ ಮೆನ್ಶಿಯಸ್ ಸಿಟ್ಟಾಗುತ್ತಾನೆ: ಹಾಗಾದರೆ ಮನುಷ್ಯನನ್ನು ಒಳ್ಳೆಯವನಾಗಿ ಮಾಡಲು ಅವನನ್ನು ಕಡಿದು ಹಾಕಬೇಕೇನು? ಶುನ್‌ಜಿ ಇದ್ದಿದ್ದರೆ ಬಹುಶಃ ಹೌದು, ಕಡಿಯಬೇಕು, ಬಗ್ಗಿಸಬೇಕು, ಅದಕ್ಕೆ ನಾಚಿಕೆ ಯಾಕೆ ಅನ್ನುತ್ತಿದ್ದ. ಸರಿ ಯಾವುದು ಅಂತ ತೋರಿಸುವ ಅಳತೆಗೋಲು ಒಳಗೆ ಮೊಳೆಯುತ್ತದೋ, ಹೊರಗಿನಿಂದ ಪಡೆಯಬೇಕೋ? ಇದು ನಿಜವಾದ ಭಿನ್ನಾಭಿಪ್ರಾಯ.

ನಮ್ಮಲ್ಲಿ "ಹುಟ್ಟು ಗುಣ ಸುಟ್ಟರೂ ಹೋಗದು" ಅನ್ನುತ್ತಾರೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ" ಅನ್ನುತ್ತಾರೆ. ಈ ಎರಡೂ ಗಾದೆಗಳನ್ನು ಪುಟದ ಕೆಳಗೆ ಬರೆದು, ಮೂವರಲ್ಲಿ ಯಾರು ಯಾವುದನ್ನು ಒಪ್ಪುತ್ತಿದ್ದರು ಅಂತ ಯೋಚಿಸಿ. ಮೊದಲನೆಯದನ್ನು ಮೂವರೂ ಒಪ್ಪುವುದಿಲ್ಲ ಅಂತ ನನ್ನ ಲೆಕ್ಕ.

ಹಂತ 7: ನಿಮ್ಮ ಮೇಲೆ ಪ್ರಯೋಗ ಮಾಡಿ

ಇವು ಓದಿ ಮುಚ್ಚಿಡುವ ಪುಸ್ತಕಗಳಲ್ಲ. ಒಂದು ತಿಂಗಳ ಮಟ್ಟಿಗೆ ಈ ಮೂರು ಕೆಲಸ ಮಾಡಿ ನೋಡಿ.

ರಾತ್ರಿ ಮಲಗುವ ಮುಂಚೆ 1.4ರ ಮೂರು ಪ್ರಶ್ನೆ. ಇದು ಝೆಂಗ್‌ಜಿ ಅನ್ನುವ ಶಿಷ್ಯನ ಅಭ್ಯಾಸ. ಬೇರೆಯವರ ಕೆಲಸದಲ್ಲಿ ಮನಸ್ಸಿಟ್ಟು ನಡೆದುಕೊಂಡೆನಾ? ಸ್ನೇಹಿತರ ಜೊತೆ ಮಾತಿಗೆ ತಪ್ಪಿದೆನಾ? ಕಲಿತದ್ದನ್ನು ಮಾಡಿ ನೋಡಿದೆನಾ? ಒಂದೊಂದಕ್ಕೆ ಒಂದು ಸಾಲು ಸಾಕು.

ವಾರಕ್ಕೊಮ್ಮೆ ಮೆನ್ಶಿಯಸ್‌ನ ಚಾಚುವಿಕೆ. ನಿಮ್ಮ ಅಮ್ಮನಿಗೆ ಮಂಡಿ ನೋವು ಬಂದಾಗ ಏನನ್ನಿಸಿತು ಅಂತ ನೆನಪು ಮಾಡಿಕೊಳ್ಳಿ, ಅದೇ ವಾರ ಬಸ್ಸಿನಲ್ಲಿ ನಿಂತಿದ್ದ ಯಾರದ್ದೋ ಅಮ್ಮನನ್ನು ಹೇಗೆ ನೋಡಿದಿರಿ ಅಂತ ಪಕ್ಕದಲ್ಲಿ ಬರೆಯಿರಿ. ನಮ್ಮ ಮನೆಯ ಹಿರಿಯರಿಂದ ಶುರು ಮಾಡಿ ಬೇರೆ ಮನೆಯ ಹಿರಿಯರವರೆಗೆ ಅನ್ನುವುದು 1ಎ7ರದ್ದೇ ಮಾತು.

ಮೂರನೆಯದು ಶುನ್‌ಜಿಯದು. ಒಂದೇ ಒಂದು ಸಣ್ಣ ನಡಾವಳಿ ಆರಿಸಿ, ಮನಸ್ಸಿರಲಿ ಬಿಡಲಿ ದಿನಾ ಮಾಡಿ. ಊಟದ ಹೊತ್ತಿಗೆ ಫೋನ್ ಬೇರೆ ಕೋಣೆಯಲ್ಲಿಡುವುದು ಆಗಬಹುದು, ಕೆಲಸಕ್ಕೆ ಬರುವವರನ್ನು ಹೆಸರು ಹಿಡಿದು ಮಾತಾಡಿಸುವುದು ಆಗಬಹುದು. ಭಾವನೆ ಬಂದ ಮೇಲೆ ಮಾಡುತ್ತೇನೆ ಅಂತ ಕಾಯಬೇಡಿ. ಮಾಡುತ್ತಾ ಮಾಡುತ್ತಾ ಭಾವನೆ ಬರುತ್ತದಾ ಅನ್ನುವುದೇ ಇಲ್ಲಿನ ಪ್ರಯೋಗ.

ಎಚ್ಚರಿಕೆ ಎರಡು. ಈ ಅಳತೆಗೋಲನ್ನು ಬೇರೆಯವರ ಮೇಲೆ ಹಿಡಿಯಬೇಡಿ. 4.17ರಲ್ಲಿ ಕನ್‌ಫ್ಯೂಷಿಯಸ್ ಒಳ್ಳೆಯವರನ್ನು ಕಂಡರೆ ಅವರ ಸಮ ಆಗಲು ನೋಡು, ಅಲ್ಲದವರನ್ನು ಕಂಡರೆ ನಿನ್ನ ಒಳಗೆ ನೋಡು ಅಂದಿದ್ದಾನೆ. ಇನ್ನೊಂದು, ತಪ್ಪು ಅಂತ ಗೊತ್ತಾದದ್ದನ್ನು ಕಂತಿನಲ್ಲಿ ಬಿಡಬೇಡಿ. 3ಬಿ8ರಲ್ಲಿ ದಿನಕ್ಕೊಂದು ಪಕ್ಕದ ಮನೆಯ ಕೋಳಿ ಕದಿಯುವವನು ಬರುತ್ತಾನೆ. ಈಗ ತಿಂಗಳಿಗೊಂದು ಕದಿಯುತ್ತೇನೆ, ಬರುವ ವರ್ಷ ಪೂರ್ತಿ ನಿಲ್ಲಿಸುತ್ತೇನೆ ಅನ್ನುತ್ತಾನೆ. ಒಳ್ಳೆಯದನ್ನು ಬೆಳೆಸಲು ತಾಳ್ಮೆ ಬೇಕು, ಕದಿಯುವುದನ್ನು ನಿಲ್ಲಿಸಲು ತಾಳ್ಮೆ ಬೇಕಿಲ್ಲ.

ತಿಂಗಳು ಮುಗಿದ ಮೇಲೆ 6ಎ8 ಮತ್ತು ಶುನ್‌ಜಿಯ 1ನೇ ಅಧ್ಯಾಯ ಮತ್ತೊಮ್ಮೆ ಓದಿ. ಈ ಮೂರು ಕೆಲಸದಲ್ಲಿ ಯಾವುದು ನಿಮಗೆ ಗಿಡಕ್ಕೆ ನೀರು ಹಾಕಿದ ಹಾಗಿತ್ತು, ಯಾವುದು ಮರ ಬಗ್ಗಿಸಿದ ಹಾಗಿತ್ತು ಅಂತ ತಾರೀಖು ಹಾಕಿ ಬರೆದಿಡಿ. "ಯಾರದ್ದು ಸರಿ" ಅನ್ನುವ ಪ್ರಶ್ನೆಯನ್ನು ಆ ಪುಟ ಎದುರಿಗಿಟ್ಟುಕೊಂಡು ಮತ್ತೆ ಕೇಳಿಕೊಳ್ಳಿ.